ಉಣ್ಣಿ ತರುವ ರಕ್ತರೋಗ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಬಿತ್ತಿಗೆಗೆ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲಿ ಜೋಡಿಯ ಒಂದು ಎತ್ತು ನೆಲ ಹಿಡಿದರೆ ವರ್ಷದ ಬೆಳೆಗೇ ಕುತ್ತು. ಮಳೆಯಾದ ಮೇಲೆ ದನಗಳ ಮೈಯಲ್ಲಿ ಉಣ್ಣಿ ಹೆಚ್ಚುವುದೂ ಇದೇ ಹೊತ್ತಿಗೆ.

ಉಣ್ಣಿ ರಕ್ತ ಹೀರುವುದನ್ನು ಎಲ್ಲರೂ ಬಲ್ಲರು. ಅದು ರೋಗವನ್ನೂ ಹೊತ್ತು ತರುತ್ತದೆ. ೧೮೯೩ರಲ್ಲಿ ಅಮೇರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿಜ್ಞಾನಿಗಳು ದನಗಳ ಒಂದು ಜ್ವರವನ್ನು ಉಣ್ಣಿಯೇ ಹರಡುತ್ತದೆಂದು ತೋರಿಸಿಕೊಟ್ಟರು. ೧೯೧೦ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಥೈಲರ್ ಎಂಬವರು ದನದ ಕೆಂಪು ರಕ್ತಕಣದೊಳಗೆ, ಅಂಚಿನಲ್ಲಿ ಚುಕ್ಕೆಯಂತೆ ಕಾಣುವ ಇನ್ನೊಂದು ರೋಗಾಣುವನ್ನು ಗುರುತಿಸಿದರು. ಅದೇ ಅನಾಪ್ಲಾಸ್ಮ ಎಂಬ ಬ್ಯಾಕ್ಟೀರಿಯಾ. ನಮ್ಮ ದೇಶದ ದನಗಳಿಗೂ ಈ ರೋಗ ಬರುತ್ತದೆ.

ರೋಗವಿದ್ದ ದನದ ರಕ್ತ ಕುಡಿದ ಉಣ್ಣಿ ಮತ್ತೊಂದು ದನವನ್ನು ಕಚ್ಚಿದಾಗ ರೋಗಾಣು ದಾಟುತ್ತದೆ. ಕಚ್ಚುವ ನೊಣಗಳಿಂದಲೂ, ರಕ್ತ ಹತ್ತಿದ ಸೂಜಿ, ಮೂಗು ಚುಚ್ಚುವ ದಬ್ಬಣಗಳಿಂದಲೂ ದಾಟಬಲ್ಲದು. ರೋಗಾಣು ಹೊಕ್ಕ ರಕ್ತಕಣಗಳನ್ನು ದನದ ದೇಹವೇ ನಾಶಮಾಡುತ್ತದೆ. ಹೀಗೆ ರಕ್ತ ಕಡಿಮೆಯಾಗಿ ದನ ಸೊರಗುತ್ತದೆ. ಎಳೆಗರುಗಳಿಗೆ ರೋಗ ಸೌಮ್ಯ. ಮೂರು ವರ್ಷ ದಾಟಿದ ದನಕ್ಕೆ ಪ್ರಾಣಾಪಾಯ.

ಕಳೆದ ವರ್ಷ ಒಂದು ಹಳ್ಳಿಯಲ್ಲಿ ನಾನೇ ತಪ್ಪು ಮಾಡಿದೆ. ಖಿಲಾರಿ ಎತ್ತೊಂದು ಕಣಿಕೆ ಮುಟ್ಟದೆ ನಿಂತಿತ್ತು, ಸಗಣಿ ಗಟ್ಟಿಯಾಗಿತ್ತು. ಬಿಸಿಲಿನ ದಣಿವೆಂದು ತಿಳಿದು ಬೆಲ್ಲದ ನೀರು ಕುಡಿಸಲು ಹೇಳಿ ಬಂದೆ. ಮೂರನೆಯ ದಿನ ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿತ್ತು. ಪಶುವೈದ್ಯರು ಬಂದು ರಕ್ತ ಪರೀಕ್ಷಿಸಿ ಔಷಧ ಕೊಟ್ಟರು. ಎತ್ತು ಉಳಿಯಿತು, ಆದರೆ ಆ ಬಿತ್ತಿಗೆಗೆ ಹೆಗಲು ಕೊಡಲಿಲ್ಲ. ಮನೆಯವರು ಬಾಡಿಗೆಯ ಎತ್ತು ಹುಡುಕಿಕೊಂಡು ಅಲೆದರು. ಮೊದಲ ದಿನವೇ ತುಟಿ ಎತ್ತಿ ನೋಡಬೇಕಿತ್ತು.

ಲಕ್ಷಣಗಳು: ಜೋರು ಜ್ವರ, ಮೇವು ಬಿಡುವುದು, ಹಾಲು ಇಳಿಯುವುದು, ಏದುಸಿರು, ಗಟ್ಟಿ ಸಗಣಿ. ವಸಡು, ಕಣ್ಣಿನ ಒಳರೆಪ್ಪೆ ಮೊದಲು ಬಿಳಿಚಿ ಆಮೇಲೆ ಹಳದಿಯಾಗುವುದು. ಮೂತ್ರ ಕೆಂಪಾದರೆ ಅದು ಉಣ್ಣಿಯೇ ತರುವ ಬೇರೊಂದು ರೋಗವಾಗಿರಬಹುದು, ಆಗಲೂ ತಡಮಾಡಬಾರದು.

ಮಾಡಬೇಕಾದುದು:

೧. ವಾರಕ್ಕೆರಡು ಸಲ ಕಿವಿಯೊಳಗೆ, ಗಂಗೆದೊಗಲು, ಕೆಚ್ಚಲು, ಬಾಲದ ಬುಡಗಳಲ್ಲಿ ಕೈಯಾಡಿಸಿ ನೋಡಿರಿ. ಕಿತ್ತ ಉಣ್ಣಿಯನ್ನು ಬೆರಳಿನಿಂದ ಹಿಸುಕದೆ ಕುದಿಯುವ ನೀರಿಗೆ ಹಾಕಿರಿ.

೨. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಕೆಳಗುದುರಿ ಎರಡು-ಮೂರು ಸಾವಿರ ತತ್ತಿ ಇಡಬಲ್ಲದು. ಆದ್ದರಿಂದ ಕೊಟ್ಟಿಗೆಯ ಗೋಡೆ, ಗೋದಲಿಗಳ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ.

೩. ಉಣ್ಣಿಯ ಔಷಧವನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿಯೇ ಹಚ್ಚಿರಿ. ಬೆಳೆಗೆ ಹೊಡೆಯುವ ವಿಷವನ್ನು ದನಕ್ಕೆ ಎಂದೂ ಬಳಸಬೇಡಿರಿ.

೪. ಜಾತ್ರೆಯಲ್ಲಿ ಕೊಂಡ ದನವನ್ನು ಮೂರು-ನಾಲ್ಕು ವಾರ ಬೇರೆ ಕಟ್ಟಿ, ಉಣ್ಣಿ ತೆಗೆದು, ದಿನವೂ ಗಮನಿಸಿರಿ. ಗುಣವಾದ ದನದ ರಕ್ತದಲ್ಲಿಯೂ ರೋಗಾಣು ಬಹುಕಾಲ ಉಳಿಯುತ್ತದೆ. ನೋಡಲು ಮಾತ್ರ ಅದು ಗಟ್ಟಿಮುಟ್ಟಾಗಿರುತ್ತದೆ.

೫. ಪ್ರತಿ ದನಕ್ಕೂ ಹೊಸ ಸೂಜಿ ಕೇಳಿರಿ. ದಬ್ಬಣವನ್ನು ಕುದಿಸದೆ ಮತ್ತೊಂದು ದನಕ್ಕೆ ಮುಟ್ಟಿಸಬೇಡಿರಿ.

ಈ ರೋಗಕ್ಕೆ ಪಶು ಆಸ್ಪತ್ರೆಯಲ್ಲಿ ಔಷಧವಿದೆ. ರಕ್ತ ಇಳಿದುಹೋಗುವ ಮೊದಲು ಕೊಟ್ಟರೆ ಗುಣ ಹೆಚ್ಚು. ಇಂದು ಸಂಜೆ ಎತ್ತು ಕಟ್ಟುವಾಗಲೇ ಒಮ್ಮೆ ಅದರ ಕಿವಿ ಮಡಚಿ, ತುಟಿ ಎತ್ತಿ ನೋಡಿರಿ.