ಇಪ್ಪತ್ತಾರು ಅಂಕಿಗಳ ಸಂಖ್ಯೆಯೊಂದರ ಪರೀಕ್ಷೆ

ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಎಂಬ ಸಂಖ್ಯೆಯನ್ನು 2,465,099,745,779ರಿಂದ ಮನಸ್ಸಿನಲ್ಲಿಯೇ ಗುಣಿಸಿ, 28 ಸೆಕೆಂಡುಗಳಲ್ಲಿ ಉತ್ತರವಿತ್ತರು: 18,947,668,177,995,426,462,773,730. ಇಂಥ ಬೃಹತ್ ಸಂಯುಕ್ತ ಸಂಖ್ಯೆಯನ್ನು ನಾವು ಸುಲಭವಾಗಿ ಪರೀಕ್ಷಿಸುವುದೆಂತು?

10, 100, 1000 ಮೊದಲಾದುವೆಲ್ಲ 9ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು. ಆದುದರಿಂದ ಸಂಖ್ಯೆಯನ್ನು 9ರಿಂದ ಭಾಗಿಸಿದರೂ ಅದರ ಅಂಕಿಗಳ ಮೊತ್ತವನ್ನು ಭಾಗಿಸಿದರೂ ಶೇಷವೊಂದೇ. ಗುಣ್ಯ, ಗುಣಕಗಳ ಅಂಕಿಗಳ ಮೊತ್ತ 78 ಮತ್ತು 74. ಶೇಷ 6 ಮತ್ತು 2. ಇವುಗಳ ಗುಣಲಬ್ಧ 12; ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138. ಅದರ ಶೇಷವೂ 3.

ಎರಡು ಅಂಕಿಗಳು ಸ್ಥಾನ ಬದಲಿಸಿದರೆ ಈ ಪರೀಕ್ಷೆ ಅದನ್ನರಿಯದು. ಅಕ್ಕಪಕ್ಕದ ಅಂಕಿಗಳ ಅಂಥ ತಪ್ಪನ್ನು 11ರ ಪರೀಕ್ಷೆ ಹಿಡಿಯುತ್ತದೆ. ಉತ್ತರದಲ್ಲಿ ಬೆಸಸ್ಥಾನಗಳ ಅಂಕಿಗಳ ಮೊತ್ತ 69, ಸಮಸ್ಥಾನಗಳದೂ 69. ವ್ಯತ್ಯಾಸ ಸೊನ್ನೆಯಾದುದರಿಂದ ಅದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಗುಣಕದಲ್ಲಿಯೂ ಈ ಮೊತ್ತಗಳು 37, 37, ಆದುದರಿಂದ ಹೀಗಾಗಲೇಬೇಕು. ಉತ್ತರದ ಕೊನೆಯಂಕಿ ಸೊನ್ನೆ, ಅಂಕಿಗಳ ಮೊತ್ತ 3ರ ಅಪವರ್ತ್ಯ; ಎಂದರೆ ಭಾಗಿಸದೆಯೇ 2, 3, 5, 11 ಎಂಬ ನಾಲ್ಕು ಅವಿಭಾಜ್ಯ ಅಪವರ್ತನಗಳು ದೊರೆತುವು.

ಆದರೂ ವಿದ್ಯಾರ್ಥಿಗಳು ಒಂದನ್ನು ನೆನಪಿಡಬೇಕು. ಪರೀಕ್ಷೆಯಲ್ಲಿ ಸೋತ ಉತ್ತರ ನಿಶ್ಚಯವಾಗಿ ತಪ್ಪು. ಗೆದ್ದ ಉತ್ತರ ನಿಶ್ಚಯವಾಗಿ ಸರಿಯೆನ್ನಲಾಗದು. 99ರ ಅಪವರ್ತ್ಯದಷ್ಟು ವ್ಯತ್ಯಾಸವಿದ್ದರೆ ಎರಡು ಪರೀಕ್ಷೆಗಳೂ ಅದನ್ನು ಕಾಣವು. ಪೂರ್ಣ ನಿಶ್ಚಯ ಬೇಕಾದವರು ಕಾಗದ ಹಿಡಿದು ಗುಣಿಸಿಯೇ ನೋಡಬೇಕು.