ಬದುಕಿದ್ದವಳಿಗೆ ಶ್ರಾದ್ಧ

ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿ ವಿಧವೆ ಯಮುನಕ್ಕ ಬಸಿರನ್ನು ಗುಟ್ಟಾಗಿ ತೆಗೆಸಿಕೊಳ್ಳುವಳು. ಬದುಕಿರುವ ಆಕೆಗೆ ತಂದೆಯೇ ಶ್ರಾದ್ಧ ಮಾಡುವನು. ಬಸಿರಿಗೆ ಕಾರಣನಾದವನಿಗಾಗಿ ಮಾತ್ರ ಯಾವ ಘಟವೂ ಒಡೆಯದು. ಗಿರೀಶ ಕಾಸರವಳ್ಳಿಯವರ 1977ರ ಚಿತ್ರದಲ್ಲಿ ಆ ವೃದ್ಧನೇ ಕಡೆಗೆ ಎಳೆಯ ಕನ್ಯೆಯನ್ನು ವರಿಸಲು ಅಣಿಯಾಗುವನು!

ಕಥೆಯ ಹೊರಗೆ ಕಾಲವು ಬದಲಾಗಿದೆ. 1971ರ ಕಾಯಿದೆಯು ಗರ್ಭಪಾತವನ್ನು ಕಟ್ಟುಪಾಡುಗಳೊಡನೆ ವೈದ್ಯರ ಕೈಗೊಪ್ಪಿಸಿತು. 2021ರ ತಿದ್ದುಪಡಿಯಂತೆ, ಆಕೆಯ ಹೆಸರನ್ನು ಅಧಿಕಾರವಿಲ್ಲದವರಿಗೆ ತಿಳಿಸಿದ ವೈದ್ಯನು ದಂಡನಾರ್ಹನು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು 24 ವಾರಗಳ ಅವಧಿಯನ್ನು ಅವಿವಾಹಿತೆಯರಿಗೂ ಅನ್ವಯಿಸಿತು. ಹೆತ್ತು ಸಾಕಲಾರದವಳು ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಆದರೂ ಕೂಸುಗಳು ಪೊದೆಗಳಲ್ಲಿ ದೊರೆಯುತ್ತಿವೆ.

ಜನನಸೂತಕವನ್ನೇ ಅಲ್ಲಗಳೆದ ಶರಣರ ವಚನಗಳನ್ನು ಓದುವ ಮನೆಗಳೂ ಇಂಥ ಹೆಣ್ಣಿಗೆ ಬಾಗಿಲು ತೆರೆಯದಿರುವುದು ವಿಚಾರಣೀಯ. ಕೂಸನ್ನು ಒಪ್ಪಿಸಿದ ಬಳಿಕವೂ ಮನಸ್ಸು ಬದಲಿಸಲು ತಾಯಿಗೆ 60 ದಿನಗಳ ಅವಕಾಶವುಂಟು. ಅಷ್ಟು ದಿನ ಆಕೆ ಯಾರ ಮನೆಯಲ್ಲಿ ಇರಬೇಕು?