ಒಡ್ಡು ಎಲ್ಲಿದೆ ಎಂದು ಫೋನು ಹೇಳಬಲ್ಲದೇ?

ಬೋಧನಾಭ್ಯಾಸದ ಅವಧಿಯಲ್ಲಿ ದಂಡೋತಿಯ ಒಂಬತ್ತನೇ ತರಗತಿಗೆ ನಾನು ಆಯ್ದುಕೊಂಡ ವಿಷಯ ‘ಮೊಬೈಲಿನಲ್ಲಿ ಸ್ಥಳ ಗುರುತಿಸುವಿಕೆ’. ಗಣಿತದ ವೃತ್ತವನ್ನೂ ವಿಜ್ಞಾನದ ವೇಗ, ದೂರ, ಕಾಲವನ್ನೂ ಒಂದೇ ಪಾಠದಲ್ಲಿ ಜೋಡಿಸುವುದು ಉದ್ದೇಶ. ಈ ವಿಷಯಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಬೆಂಗಳೂರಿನ ಕ್ಯಾಬ್, ಮನೆಗೆ ಊಟ ತರುವ ಆ್ಯಪ್. ಅವೆರಡನ್ನೂ ಬಿಟ್ಟೆ.

ಪೂರ್ವಜ್ಞಾನ ಪರೀಕ್ಷೆಗೆ ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಫೋನಿನ ಲೊಕೇಶನ್ ಆನ್ ಮಾಡುವುದು ಯಾವಾಗ? ತೊಗರಿ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಫೋಟೊ ತೆಗೆಯುವಾಗ ಎಂದರು ಕೆಲವರು. ಉದ್ಯೋಗ ಖಾತ್ರಿಯ ಹಾಜರಿ ಫೋಟೊಕ್ಕೆ ಎಂದರು ಇನ್ನು ಕೆಲವರು. 2023ರ ಜನವರಿಯಿಂದ ಅದು ಕಡ್ಡಾಯವಾಗಿತ್ತು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ‘ದಿಶಾಂಕ್’ ಹೆಸರೂ ಬಂತು. ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ಯನ್ನು ನಾನು ಸೇರಿಸಿದೆ. ಪೇಟೆಯಲ್ಲಿ ಈ ಸೇವೆ ಬಾಡಿಗೆ ಗಾಡಿ ಹತ್ತಿ ಬಂದಿದ್ದರೆ, ನಮ್ಮ ಕಡೆ ಹೊಲದ ದಾರಿ ಹಿಡಿದು ಬಂದಿದೆ.

ಚಟುವಟಿಕೆಗೆ ಅಂಗಳದಲ್ಲಿ ಮೂರು ಗೂಟ ಹುಗಿದೆವು. ಒಂದು ಕಲ್ಲಿಟ್ಟು, ಪ್ರತಿ ಗೂಟದಿಂದ ಅದಕ್ಕೆ ಹಗ್ಗ ಅಳೆದು ಕತ್ತರಿಸಿ, ಕಲ್ಲನ್ನು ತೆಗೆದುಬಿಟ್ಟೆ. ಒಂದು ಹಗ್ಗದಿಂದ ವೃತ್ತ ಬಂತು, ಎರಡರಿಂದ ಎರಡು ಬಿಂದು, ಮೂರನೆಯದರಿಂದ ಕಲ್ಲಿದ್ದ ಜಾಗ. ಗೂಟಗಳೇ ಉಪಗ್ರಹಗಳು ಎಂದೆ. ಜಿಪಿಎಸ್ ಉಪಗ್ರಹ ಸುಮಾರು 20,200 ಕಿ.ಮೀ. ಎತ್ತರದಲ್ಲಿದೆ, ಬೆಳಕಿನ ವೇಗದಲ್ಲಿ ಸಂಕೇತ ನೇರ ಕೆಳಗಿಳಿಯಲು 0.067 ಸೆಕೆಂಡು ಸಾಕು. ಫೋನಿನ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಕಾಗಿಣಾ ದಡದಲ್ಲಿ ನಿಂತವರನ್ನು ಹೊಳೆಯೊಳಗೆ ತೋರಿಸೀತು. ಆ ಗಡಿಯಾರವನ್ನು ಸರಿಪಡಿಸಲೆಂದೇ ನಾಲ್ಕನೇ ಉಪಗ್ರಹ ಬೇಕು.

“ನೆಟ್ ಇಲ್ಲಂದ್ರ ಲೊಕೇಶನ್ ಬರಂಗಿಲ್ಲೇನ್ರಿ ಸರ್?” ಬರುತ್ತದೆ. ಫೋನು ರೇಡಿಯೊದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ನೆಟ್ ಇದ್ದರೆ ಬೇಗ ಸಿಗುತ್ತದೆ, ನಕ್ಷೆಯೂ ತೆರೆಯುತ್ತದೆ.

ಪಾಠದ ತೂಕವೆಲ್ಲ ಬಿದ್ದದ್ದು ಮುಂದಿನ ಪ್ರಶ್ನೆಯ ಮೇಲೆ. “ಕಾಕಾರ ಒಡ್ಡು ನಮ್ಮ ಹೊಲದಾಗ ಬಂದದ ಅಂತ ದಿಶಾಂಕ್ ತೋರಸ್ತದರಿ. ಖರೇ ಏನ್ರಿ?” ಹೌದು, ಅಲ್ಲ ಎನ್ನುವುದು ಶಿಕ್ಷಕರ ಕೆಲಸವಲ್ಲ. ಲೆಕ್ಕ ಹಾಕಿಸಿದೆ. ಬಯಲಿನಲ್ಲೂ ಸಾಮಾನ್ಯ ಫೋನು ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ನೀಲಿ ಚುಕ್ಕೆಯ ಸುತ್ತಲಿನ ತಿಳಿ ವೃತ್ತ ಅದನ್ನೇ ಹೇಳುತ್ತದೆ. ಒಡ್ಡಿನ ಉದ್ದ 100 ಮೀಟರ್ ಇದ್ದರೆ 500 ಚದರ ಮೀಟರ್. ಗುಂಟೆಗೆ 101 ಚದರ ಮೀಟರಿನಂತೆ ಹತ್ತಿರ ಹತ್ತಿರ ಐದು ಗುಂಟೆ! ತರಗತಿ ಗಪ್ಪಾಯಿತು. ಐದು ಗುಂಟೆಗೆ ಅಣ್ಣತಮ್ಮಂದಿರ ಮಾತು ನಿಂತ ಮನೆಗಳು ಯಾವ ಊರಲ್ಲಿಲ್ಲ? ಸಾಲದ್ದಕ್ಕೆ, ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗಲೂ ಗೆರೆ ತುಸು ಸರಿಯಬಹುದು. ಸರ್ವೆ ನಂಬರ್ ತಿಳಿಯಲು ದಿಶಾಂಕ್ ಒಳ್ಳೆಯದು. ಒಡ್ಡಿನ ತಕರಾರಿಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಭೂಮಾಪಕರಿಂದ ಅಳತೆ ಮಾಡಿಸಬೇಕು.

ಮೌಲ್ಯಮಾಪನಕ್ಕೆ ಮನೆಗೆಲಸ ಕೊಟ್ಟೆ. ಅಂಗಳದ ಒಂದೇ ಕಲ್ಲಿನ ಮೇಲೆ ಫೋನಿಟ್ಟು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಕ್ಷಾಂಶ ಬರೆದುಕೊಳ್ಳಬೇಕು. ದಶಮಾಂಶದ ಐದನೇ ಅಂಕಿ ಒಂದು ಬದಲಾದರೆ ಸುಮಾರು 1.1 ಮೀಟರ್. ಕದಲದ ಕಲ್ಲು ಎಷ್ಟು ‘ಓಡಾಡಿತು’ ಎಂಬುದನ್ನು ಅವರೇ ಕೋಷ್ಟಕ ಮಾಡಿ ತರಬೇಕು.